ಕೈ ಹಿಡಿಯುವವರು, ಕೈ ಹಾಕುವವರು

(ದಾವಣಗೆರೆಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಪಕ್ಷದ ಪರವಾಗಿ ಮಾಡಿದ ಭಾಷಣ)

ಪಾಳಿ ಮುಗಿಸಿ ಹರಿಹರದಿಂದ ಬಸ್ಸು ಹಿಡಿದು ಬಂದವರಿದ್ದೀರಿ. ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಅಂಗಡಿಯ ಕದ ಅರ್ಧ ಇಳಿಸಿ, ಹುಡುಗನನ್ನು ಗಲ್ಲಾದ ಮುಂದೆ ಕೂರಿಸಿ ಬಂದವರಿದ್ದೀರಿ. ನಿಮ್ಮ ಹೊತ್ತು ದುಬಾರಿಯದು. ಆದುದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ಇಂದಿನ ವಿಷಯ ಕಂಪ್ಯೂಟರು ಎಂದು ಕೇಳಿ ಕೆಲವರು ನಕ್ಕರು. ಕೂಲಿ, ಬೋನಸ್ಸು, ಬಾಡಿಗೆ, ತೆರಿಗೆ ಇವುಗಳ ಮಾತು ಬಿಟ್ಟು ಪಕ್ಷಕ್ಕೆ ಕಂಪ್ಯೂಟರಿನ ಗೊಡವೆ ಏಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಿಮ್ಮ ಕೂಲಿ, ಪಿಂಚಣಿ, ತೆರಿಗೆಗಳೆಲ್ಲ ಈಗ ಎಲ್ಲಿ ಕೂತಿವೆ ಎಂದು ಒಮ್ಮೆ ಯೋಚಿಸಿ.

ನಿವೃತ್ತ ಗಿರಣಿ ಕಾರ್ಮಿಕನ ಪಿಂಚಣಿಯನ್ನೇ ತೆಗೆದುಕೊಳ್ಳಿ. ನೌಕರರ ಪಿಂಚಣಿ ಯೋಜನೆಯಲ್ಲಿ ೨೦೧೪ರ ಸೆಪ್ಟೆಂಬರಿನಿಂದ ಗೊತ್ತು ಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ ೧೦೦೦ ರೂಪಾಯಿ. ಆ ಸಾವಿರ ರೂಪಾಯಿ ತಪ್ಪದೆ ಬರಬೇಕಾದರೆ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಆತ ರುಜುವಾತು ಪಡಿಸಬೇಕು. ಇದಕ್ಕಾಗಿ ‘ಜೀವನ ಪ್ರಮಾಣ’ ಎಂಬ ಡಿಜಿಟಲ್ ವ್ಯವಸ್ಥೆ ೨೦೧೪ರ ನವೆಂಬರಿನಲ್ಲಿ ಬಂತು. ವರ್ಷಗಟ್ಟಲೆ ನೂಲು ಎಳೆದ ಬೆರಳಿನ ಗೆರೆ ಸವೆದು ಹೋಗಿ ಯಂತ್ರಕ್ಕೆ ಕಾಣದೆ ಇದ್ದರೆ, ಮೊಬೈಲಿಗೆ ಮುಖ ತೋರಿಸಿ ಮುಗಿಸುವ ಏರ್ಪಾಡೂ ಆಗಿದೆ. ಒಳ್ಳೆಯದೇ. ಆದರೆ ಆ ಮೊಬೈಲಿನಲ್ಲಿ ಯಾವುದನ್ನು ಒತ್ತಬೇಕು, ಯಾವುದನ್ನು ಒತ್ತಬಾರದು ಎಂದು ಹೇಳುವವರು ಯಾರು?

ವ್ಯಾಪಾರಿಯ ಪಾಡೂ ಇದೇ. ೨೦೧೭ರ ಜುಲೈ ೧ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಲೆಕ್ಕದ ಪುಸ್ತಕ ಪರದೆಯೊಳಗೆ ಹೋಯಿತು. ೨೦೨೫ರ ಜುಲೈಯಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಕರ್ನಾಟಕದ ಸಣ್ಣ ವರ್ತಕರಿಗೆ ತೆರಿಗೆಯ ನೋಟೀಸು ಬಂದಾಗ, ತರಕಾರಿ, ಹಾಲು, ಬೇಕರಿ ಅಂಗಡಿಯವರು ಕಂಗಾಲಾದದ್ದು ನಿಮಗೆ ಗೊತ್ತಿದೆ. ಹೆಣ್ಣುಮಕ್ಕಳ ಗೃಹಲಕ್ಷ್ಮಿ ಹಣದ ಅರ್ಜಿಯೂ ೨೦೨೩ರಲ್ಲಿ ಕಂಪ್ಯೂಟರಿನ ಮೂಲಕವೇ ಹೋಯಿತು. ಭವಿಷ್ಯನಿಧಿಯ ದಾಖಲೆಯಲ್ಲಿ ತಂದೆಯ ಹೆಸರಿನ ಅಕ್ಷರ ಮುಂದಿದ್ದು, ಆಧಾರಿನಲ್ಲಿ ಹಿಂದಿದ್ದರೆ ಸಾಕು, ಜೀವಮಾನದ ಗಳಿಕೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಅಂದಮೇಲೆ ಕಿಟಕಿಯ ಆಚೆ ಕೂತು, ಸಂಬಳ ಪಡೆದು, ಗುಮಾಸ್ತ ಮಾಡುತ್ತಿದ್ದ ಕೆಲಸ ಕಿಟಕಿ ದಾಟಿ ಈಚೆಗೆ ಬಂದಿದೆ. ಅದನ್ನು ಈಗ ಮಾಡುತ್ತಿರುವವರು ನಿಮ್ಮ ಮಕ್ಕಳು. ಬೆಂಗಳೂರಿನಲ್ಲಿ ನೌಕರಿಗಿರುವ ಮಗಳು ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಹರಿಹರದಿಂದ ತಂದೆಯ ಫೋನು ಬರುತ್ತದೆ. “ಏನು ಕಾಣ್ತಿದೆ ಹೇಳಪ್ಪಾ.” “ಏನೋ ಇಂಗ್ಲಿಷಿನಲ್ಲಿ ಬಂದಿದೆ.” “ಯಾವ ಮೂಲೆಯಲ್ಲಿ?” “ಈಗ ಹೋಯಿತು.” ಅರ್ಧ ಗಂಟೆ ಹೀಗೆ ನಡೆದು ಇಬ್ಬರಿಗೂ ಸಿಟ್ಟು ಬರುತ್ತದೆ. ಕಾಣದ ಗಾಯಕ್ಕೆ ಮದ್ದು ಹೇಳಿದ ಹಾಗೆ.

ಈ ಕಷ್ಟಕ್ಕೆ ಒಂದು ಉಪಾಯವಿದೆ. ದೂರದಲ್ಲಿ ಕೂತವರಿಗೆ ನಮ್ಮ ಪರದೆ ಕಾಣುವಂತೆ ಮಾಡುವ ವಿದ್ಯೆ ಅದು. ಹೊಸದೇನೂ ಅಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜಿನ ಪ್ರಯೋಗಶಾಲೆಯೊಂದು ೧೯೯೮ರಲ್ಲಿ ವಿಎನ್‌ಸಿ ಎಂಬುದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆಮೇಲೆ ಜರ್ಮನಿಯಿಂದ ೨೦೦೫ರಲ್ಲಿ ಟೀಮ್‌ವ್ಯೂವರ್, ೨೦೧೪ರಲ್ಲಿ ಎನಿಡೆಸ್ಕ್ ಬಂದವು. ವಿಂಡೋಸ್ ಕಂಪ್ಯೂಟರುಗಳಲ್ಲಿ ಕ್ವಿಕ್ ಅಸಿಸ್ಟ್ ಎಂಬುದು ೨೦೧೬ರಿಂದ ಇದೆ. ೨೦೨೩ರ ಆಗಸ್ಟಿನಿಂದ ವಾಟ್ಸಾಪಿನ ವಿಡಿಯೋ ಕರೆಯಲ್ಲೂ ಪರದೆ ತೋರಿಸಬಹುದು.

ಇದು ನಡೆಯುವ ಬಗೆ ಸರಳ. ನಿಮ್ಮ ಪರದೆಯ ಚಿತ್ರ ಒಂದರ ಹಿಂದೊಂದು ಹೊರಟು ಮಗಳ ಪರದೆಗೆ ಹೋಗುತ್ತದೆ. ಅವಳು ಅಲ್ಲಿ ಮೌಸ್ ಆಡಿಸಿದರೆ, ಅಕ್ಷರ ಒತ್ತಿದರೆ, ಆ ಅಪ್ಪಣೆ ಮರಳಿ ಬಂದು ನಿಮ್ಮ ಯಂತ್ರದಲ್ಲಿ ನಡೆಯುತ್ತದೆ. ಆದುದರಿಂದ ಇಲ್ಲಿ ಎರಡು ಮೆಟ್ಟಿಲುಗಳಿವೆ. ಒಂದು, ನೋಡುವುದು. ಇನ್ನೊಂದು, ಆಡಿಸುವುದು. ವಾಟ್ಸಾಪಿನಲ್ಲಿ ಎದುರಿನವರು ನೋಡಬಲ್ಲರು, ಆಡಿಸಲಾರರು. ಎನಿಡೆಸ್ಕ್, ಕ್ವಿಕ್ ಅಸಿಸ್ಟುಗಳಲ್ಲಿ ನೀವು ಒಪ್ಪಿಗೆ ಕೊಟ್ಟರೆ ಆಡಿಸಲೂ ಬಲ್ಲರು. ಈ ಎರಡು ಮೆಟ್ಟಿಲುಗಳ ನಡುವಿನ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ.

ಉಪಯೋಗ ದೊಡ್ಡದು. ನುಡಿ ಲಿಪಿಯಲ್ಲಿ ಬೆರಳಚ್ಚು ಮಾಡಿಸಿದ ಮನವಿ ಇನ್ನೊಂದು ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವುದುಂಟು. ಅಲ್ಲಿ ಕಡತ ಕೆಟ್ಟಿಲ್ಲ, ಆ ಲಿಪಿ ಆ ಯಂತ್ರದಲ್ಲಿಲ್ಲ, ಅಷ್ಟೇ. ಬಲ್ಲವರು ಒಮ್ಮೆ ನೋಡಿದರೆ ನಿಮಿಷದಲ್ಲಿ ತಿಳಿಯುತ್ತದೆ. ನೋಡದೆ ಹೋದರೆ ಆ ಮನವಿಯನ್ನು ಮತ್ತೆ ದುಡ್ಡು ಕೊಟ್ಟು ಬರೆಸುತ್ತೀರಿ.

ಆದರೆ ಬಂಧುಗಳೆ, ಮಗಳು ಒಳಗೆ ಬರುವ ಬಾಗಿಲಿನಿಂದಲೇ ಕಳ್ಳನೂ ಬರಬಲ್ಲ.

ಭಾರತೀಯ ರಿಸರ್ವ್ ಬ್ಯಾಂಕು ೨೦೧೯ರ ಫೆಬ್ರವರಿಯಲ್ಲೇ ಎನಿಡೆಸ್ಕ್ ಹೆಸರೆತ್ತಿ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು. ಆ ತಂತ್ರಾಂಶ ಕೆಟ್ಟದ್ದೆಂದು ಅದರ ಅರ್ಥವಲ್ಲ. ವಂಚಕರು ಅದನ್ನು ಹಿಡಿದು ಯುಪಿಐ ಖಾತೆಗಳನ್ನು ಬರಿದು ಮಾಡುತ್ತಿದ್ದರು. ಅವರ ಕ್ರಮ ಹೀಗೆ. ಫೋನು ಬರುತ್ತದೆ. ಬ್ಯಾಂಕಿನವರು, ಭವಿಷ್ಯನಿಧಿಯವರು, ವಿದ್ಯುತ್ ಕಂಪನಿಯವರು ಎಂದು ಏನೋ ಒಂದು ಹೆಸರು. ಇಂದು ರಾತ್ರಿಯೊಳಗೆ ಮಾಡದಿದ್ದರೆ ಖಾತೆ ನಿಲ್ಲುತ್ತದೆ, ಪಿಂಚಣಿ ನಿಲ್ಲುತ್ತದೆ ಎಂಬ ಬೆದರಿಕೆ. “ಹೆದರಬೇಡಿ, ನಾವೇ ಸರಿ ಮಾಡಿಕೊಡುತ್ತೇವೆ, ಈ ಆಪ್ ಹಾಕಿಕೊಳ್ಳಿ, ಅದರಲ್ಲಿ ಬರುವ ಅಂಕಿ ಓದಿ ಹೇಳಿ” ಎಂಬ ಸಮಾಧಾನ. ಅಂಕಿ ಹೇಳಿ, ಒಪ್ಪಿಗೆಯ ಗುಂಡಿ ಒತ್ತಿದಿರೋ, ನಿಮ್ಮ ಪರದೆ ಅವನ ಮುಂದೆ ತೆರೆದುಕೊಂಡಿತು. ಆಮೇಲೆ ಅವನು ಒಟಿಪಿಯನ್ನು ಕೇಳಬೇಕಾಗಿಲ್ಲ. ಸಂದೇಶ ಬಂದಾಗ ನಿಮ್ಮ ಜೊತೆಗೇ ಓದಿಕೊಳ್ಳುತ್ತಾನೆ. ‘ನಾನು ಯಾರಿಗೂ ಒಟಿಪಿ ಹೇಳಲಿಲ್ಲ’ ಎಂದು ಕಣ್ಣೀರಿಡುವವರು ಸುಳ್ಳು ಹೇಳುತ್ತಿಲ್ಲ. ಹೇಳಲಿಲ್ಲ, ತೋರಿಸಿದರು.

ಹಾಗಾದರೆ ಹಿಡಿಯುವ ಕೈ ಯಾವುದು, ಜೇಬಿಗೆ ಹಾಕುವ ಕೈ ಯಾವುದು? ಗುರುತು ಒಂದಿದೆ. ಕರೆ ಯಾರಿಂದ ಹೊರಟಿತು ಎಂದು ನೋಡಿ. ನೀವು ಕರೆದು, ನಿಮ್ಮ ಪರಿಚಯದವರು ಬಂದರೆ ಅದು ನೆರವು. ಕರೆಯದೆ, ಅವಸರ ಹೊತ್ತು, ಗುರುತಿಲ್ಲದವನು ಬಂದರೆ ಅವನು ಎಷ್ಟೇ ವಿನಯದಿಂದ ಮಾತಾಡಿದರೂ ಫೋನು ಕೆಳಗಿಡಿ. ನಿಮಗೆ ಹಣ ಬರಬೇಕಾದಾಗ ಯುಪಿಐ ಪಿನ್ ಒತ್ತುವ ಪ್ರಸಂಗವೇ ಇಲ್ಲ. ಪಿನ್ ಒತ್ತುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ.

ಒಂದು ವೇಳೆ ಮೋಸ ನಡೆದೇ ಹೋದರೆ ಮಾನದ ಚಿಂತೆ ಮಾಡುತ್ತಾ ಕೂರಬೇಡಿ. ತಕ್ಷಣ ಅಂತರಜಾಲ ತೆಗೆಯಿರಿ, ಫೋನು ಆರಿಸಿಬಿಡಿ. ಪಕ್ಕದವರ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ೧೯೩೦ ಎಂಬ ಸಹಾಯವಾಣಿ ಸಂಖ್ಯೆಗೆ ದೂರು ಕೊಡಿ. ೨೦೧೭ರ ಜುಲೈ ೬ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನ ಅಜಾಗರೂಕತೆಯಿಂದಾದ ನಷ್ಟದಲ್ಲಿ ಬ್ಯಾಂಕಿಗೆ ದೂರು ಮುಟ್ಟುವವರೆಗಿನದು ಗ್ರಾಹಕನ ಹೊಣೆ, ಮುಟ್ಟಿದ ಮೇಲಿನದು ಬ್ಯಾಂಕಿನ ಹೊಣೆ. ಅಂದರೆ ನಾಚಿಕೆಯಿಂದ ಕಳೆದ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಗಿರಣಿಯಲ್ಲಿ ಬೆಂಕಿ ಕಂಡವನು ಮೊದಲು ಕೂಗುತ್ತಾನೆ, ಯಾರ ತಪ್ಪೆಂದು ಆಮೇಲೆ ವಿಚಾರಿಸುತ್ತಾನೆ.

ಇನ್ನು ನೆರವು ಕೊಡುವವರಿಗೆ, ಮುಖ್ಯವಾಗಿ ತರುಣರಿಗೆ, ಎರಡು ಮಾತು. ನಾವು ಶಾಲೆಯಲ್ಲಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವರು. ಮಗುವಿನ ಕೈಯನ್ನು ಮೊದಲ ವಾರ ಹಿಡಿಯಬೇಕು, ಎರಡನೆಯ ವಾರ ಸಡಿಲ ಬಿಡಬೇಕು, ಮೂರನೆಯ ವಾರ ಬಿಟ್ಟೇ ಬಿಡಬೇಕು. ಕೊನೆಯವರೆಗೂ ಮೇಷ್ಟ್ರೇ ಬರೆದರೆ ಅಕ್ಷರ ಮುದ್ದಾಗಿರುತ್ತದೆ, ಮಗು ಮಾತ್ರ ನಿರಕ್ಷರಿಯಾಗಿ ಉಳಿಯುತ್ತದೆ. ಪರದೆಯ ವಿಷಯದಲ್ಲೂ ಇದೇ ನಿಯಮ. ಕೈಗೆ ಸಿಕ್ಕಿತೆಂದು ತಂದೆಯ ಯಂತ್ರವನ್ನು ಸರಸರನೆ ಆಡಿಸಿ, ಎರಡು ನಿಮಿಷದಲ್ಲಿ ಸರಿ ಮಾಡಿ, ‘ಆಯಿತಲ್ಲ, ಇಡ್ಲಾ’ ಎನ್ನಬೇಡಿ. ತಂದೆ ಕಂಡದ್ದು ಬಾಣವೊಂದು ಓಡಾಡಿದ್ದನ್ನು ಮಾತ್ರ. ಮುಂದಿನ ತಿಂಗಳು ಮತ್ತೆ ಅದೇ ಫೋನು ಬರುತ್ತದೆ. ಮಗಳು ಸಿಗದ ದಿನ, ಸರಿ ಮಾಡಿಕೊಡುತ್ತೇನೆ ಎಂದವನು ಯಾರೇ ಆಗಲಿ, ತಂದೆ ನಂಬುತ್ತಾನೆ.

ಆದಕಾರಣ ಮೊದಲು ನೋಡಿ, ಆಡಿಸಬೇಡಿ. ಬಾಣದಿಂದ ಜಾಗ ತೋರಿಸಿ, ಒತ್ತುವ ಕೆಲಸ ಯಜಮಾನರಿಗೇ ಬಿಡಿ. ಸಂಪರ್ಕ ನಿಧಾನವಿದ್ದಾಗ ಒತ್ತಿದ್ದು ತಡವಾಗಿ ಕಾಣುತ್ತದೆ, ಮತ್ತೆ ಮತ್ತೆ ಒತ್ತಬೇಡಿ ಎಂದು ತಾಳ್ಮೆಯಿಂದ ತಿಳಿಸಿ. ಗುಪ್ತಪದ, ಪಿನ್ ಹಾಕುವ ಹೊತ್ತು ಬಂದಾಗ ಪರದೆ ತೋರಿಸುವುದನ್ನು ನಿಲ್ಲಿಸಲು ನೀವೇ ಹೇಳಿ. ‘ನಾನು ನಿನ್ನ ಮಗನೇ ಅಲ್ಲವೆ, ನೋಡಿದರೇನು’ ಎನ್ನಬೇಡಿ. ಮಗನಿಗೂ ತೋರಿಸಬಾರದು ಎಂದು ಕಲಿತವರು ಕಳ್ಳನಿಗೆ ತೋರಿಸುವುದಿಲ್ಲ. ಕೆಲವು ಬ್ಯಾಂಕುಗಳ ಆಪ್ ತೆರೆದೊಡನೆ ಎದುರಿನವರಿಗೆ ಪರದೆ ಕಪ್ಪಾಗಿ ಕಾಣುತ್ತದೆ. ಅದು ಯಂತ್ರದ ದೋಷವೆಂದು ತಿಳಿಯಬೇಡಿ, ಅದು ಕಾವಲು. ಕೆಲಸ ಮುಗಿದ ಮೇಲೆ ಸಂಪರ್ಕ ಕಡಿದುಹೋಯಿತೆಂದು ಇಬ್ಬರೂ ನೋಡಿ ಖಾತರಿ ಮಾಡಿಕೊಳ್ಳಿ. ಮಾಡಿದ ಕ್ರಮವನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆಸಿ ಇಡಿ.

ವ್ಯಾಪಾರಿ ಬಂಧುಗಳು ಇನ್ನೊಂದನ್ನು ಗಮನಿಸಬೇಕು. ಟೀಮ್‌ವ್ಯೂವರ್, ಎನಿಡೆಸ್ಕುಗಳು ಮನೆಯ ಖಾಸಗಿ ಬಳಕೆಗೆ ಮಾತ್ರ ಪುಕ್ಕಟೆ. ಅಂಗಡಿಯ ವಹಿವಾಟಿಗೆ ಅವು ಹಣ ಕೇಳುತ್ತವೆ. ವಿಂಡೋಸಿನ ಕ್ವಿಕ್ ಅಸಿಸ್ಟಿಗೆ ಬೇರೆ ಹಣ ಕೊಡಬೇಕಾಗಿಲ್ಲ. ರಸ್ಟ್‌ಡೆಸ್ಕ್ ಎಂಬ, ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶವೂ ಇದೆ.

ಈವರೆಗೆ ಹೇಳಿದ್ದು ಬೆಂಗಳೂರಿನಲ್ಲಿ ಮಗಳಿರುವವರ ಮಾತಾಯಿತು. ಯಾರೂ ಇಲ್ಲದವರ ಗತಿ ಏನು? ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿದು ದುಡಿಯುವ ತಾಯಿಗೆ, ಮುಚ್ಚಿದ ಗಿರಣಿಯ ಮುದಿ ಕಾರ್ಮಿಕನಿಗೆ, ೧೯೪೧ರಲ್ಲಿ ಹುಟ್ಟಿ ಕೊನೆಗೆ ಬಾಗಿಲು ಹಾಕಿದ ಹರಿಹರದ ಮೈಸೂರು ಕಿರ್ಲೋಸ್ಕರಿನಲ್ಲಿ ಲೇತು ಕಟ್ಟಿದವನಿಗೆ ಯಾರಿದ್ದಾರೆ? ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದೂರದ ಪರದೆಯ ನೆರವನ್ನೂ ಮುಯ್ಯಾಳಾಗಿ ಮಾಡಬೇಕೆಂಬುದು ನಮ್ಮ ಸೂಚನೆ. ಒಂದೊಂದು ಬೀದಿಗೆ, ಒಂದೊಂದು ಖಾತೆಗೆ, ಎಲ್ಲರಿಗೂ ಮುಖ ಪರಿಚಯವಿರುವ ಇಬ್ಬರು ತರುಣ ತರುಣಿಯರು ಮುಂದೆ ಬರಲಿ. ಅವರ ಹೆಸರು, ಫೋನು ಸಂಖ್ಯೆ ಸಂಘದ ಹಲಗೆಯ ಮೇಲಿರಲಿ. ವಾರದಲ್ಲಿ ಒಂದು ಸಂಜೆ ಗೊತ್ತು ಮಾಡಿಕೊಳ್ಳಲಿ. ನೆರವು ಬೇಕಾದವರೇ ಕರೆಯಬೇಕು, ಅವರು ತಾವಾಗಿ ಯಾರಿಗೂ ಕರೆ ಮಾಡಕೂಡದು. ಕಾಸು ಮುಟ್ಟಕೂಡದು. ಹರಿಹರದ ಹುಡುಗ ದಾವಣಗೆರೆಯ ಮುದುಕಿಗೆ ನೆರವಾಗಲು ಹದಿನಾಲ್ಕು ಕಿಲೋಮೀಟರು ಬಸ್ಸಿನಲ್ಲಿ ಬರಬೇಕಾಗಿಲ್ಲ ಎಂಬುದೇ ಈ ವಿದ್ಯೆಯ ಲಾಭ.

ಆದರೆ ನಮ್ಮ ಮುಯ್ಯಾಳನ್ನು ನೆವ ಮಾಡಿಕೊಂಡು ಸರಕಾರ, ಬ್ಯಾಂಕುಗಳು ತಮ್ಮ ಹೊಣೆ ಕಳಚಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ೧೯೫೨ರ ಪಂಚಮಢಿ ಸಮ್ಮೇಳನದಲ್ಲಿ ಲೋಹಿಯಾ ಅವರು ಸಣ್ಣ ಯಂತ್ರದ ಮಾತೆತ್ತಿದರು. ಯಂತ್ರ ದುಡಿಯುವವನ ಅಳತೆಗೆ ಇರಬೇಕೆಂಬುದು ಅದರ ತಾತ್ಪರ್ಯ. ಇಂದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ ಪ್ರತಿಯೊಬ್ಬನ ಜೇಬಿಗೂ ಬಂದಿದೆ. ಆದರೆ ಅದು ಆಡುವ ಭಾಷೆ ಅವನದಲ್ಲ, ಅದರ ಮುಂದೆ ಅವನು ಇನ್ನೂ ಅರ್ಜಿದಾರನೇ. ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಪರದೆಯ ಮೇಲೆ ಮಾಡಬಹುದಾದ ಪ್ರತಿಯೊಂದು ಕೆಲಸಕ್ಕೂ ಕಚೇರಿಯಲ್ಲಿ ಮನುಷ್ಯ ಕೂತಿರುವ ಒಂದು ಕಿಟಕಿ ಇರಬೇಕು. ಅರ್ಜಿಯ ಪ್ರತಿಯೊಂದು ಪುಟವೂ, ತಪ್ಪು ತೋರಿಸುವ ಪ್ರತಿಯೊಂದು ಸಂದೇಶವೂ ಕನ್ನಡದಲ್ಲಿರಬೇಕು. ಮೋಸ ಹೋದ ಬಡವನನ್ನು ‘ನಿನ್ನದೇ ತಪ್ಪು’ ಎಂದು ಬ್ಯಾಂಕಿನ ಮೆಟ್ಟಿಲಿನಿಂದ ಇಳಿಸಿ ಕಳುಹಿಸುವುದು ನಿಲ್ಲಬೇಕು.

ಈ ಬೇಡಿಕೆಗಳು ಈಡೇರುವವರೆಗೂ ಕಾಯುತ್ತಾ ಕೂರಲಾಗದು. ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದೇವೆ. ಕಂಪ್ಯೂಟರು, ಮೊಬೈಲು ಬಲ್ಲವರು ಎಡ ಪುಟದಲ್ಲಿ ಹೆಸರು ಬರೆಯಿರಿ. ನೆರವು ಬೇಕಾದವರು ಬಲ ಪುಟದಲ್ಲಿ ಬರೆಯಿರಿ. ಬರೆಯಲು ಬಾರದವರು ಸಂಕೋಚ ಬಿಟ್ಟು ಹೇಳಿ, ಪಕ್ಕದವರು ಬರೆದುಕೊಡುತ್ತಾರೆ. ಮುಂದಿನ ವರ್ಷ ಇದೇ ಹೊತ್ತಿಗೆ ಬಲ ಪುಟದ ಕೆಲವು ಹೆಸರುಗಳಾದರೂ ಎಡ ಪುಟಕ್ಕೆ ಬಂದಿದ್ದರೆ ಈ ಕೆಲಸ ಸಾರ್ಥಕವಾಯಿತೆಂದು ತಿಳಿಯೋಣ.