ವಂಶಾಗತ ರೋಗರಕ್ಷಾಲೋಪವೂ ಶಿಲೀಂಧ್ರವ್ಯಾಧಿಯೂ



ತೊಗರಿಯ ಹೊಟ್ಟಿನಲ್ಲಿ, ಮಳೆಗೆ ನೆನೆದ ಮೇವಿನ ಬಣವೆಯಲ್ಲಿ, ತಿಪ್ಪೆಯ ಗೊಬ್ಬರದಲ್ಲಿ ಬೆಳೆಯುವ ಬೂಷ್ಟಿನ ಸೂಕ್ಷ್ಮಕಣಗಳನ್ನು ನಾವು ಅನುದಿನವೂ ಉಸಿರಿನೊಡನೆ ಒಳಗೆಳೆದುಕೊಳ್ಳುತ್ತಿದ್ದರೂ ರೋಗಕ್ಕೀಡಾಗದಿರುವುದು ರಕ್ತದ ಶ್ವೇತಕಣಗಳ ಕಾವಲಿನಿಂದ. ಅವುಗಳಲ್ಲಿ ನ್ಯೂಟ್ರೊಫಿಲ್ ಎಂಬ ಕಣಗಳು ಶಿಲೀಂಧ್ರವನ್ನು ಮುತ್ತಿ, ಆಮ್ಲಜನಕವನ್ನು ಉಗ್ರರೂಪಕ್ಕೆ ತರುವ ಕಿಣ್ವವೊಂದರ ಬಲದಿಂದ ಅದನ್ನು ಸಂಹರಿಸುವುವು. ಈ ಕಿಣ್ವವು ಹುಟ್ಟಿನಿಂದಲೇ ಕೆಟ್ಟಿರುವ ಶಿಶುವಿನಲ್ಲಿ ಶ್ವೇತಕಣವು ಶತ್ರುವನ್ನು ನುಂಗುವುದು, ಕೊಲ್ಲಲಾರದು. ಆಸ್ಪರ್‌ಜಿಲಸ್ ಎಂಬ ಬೂಷ್ಟು ಶ್ವಾಸಕೋಶದಲ್ಲಿ ನೆಲೆಯೂರಿ, ಕೆಲವೊಮ್ಮೆ ಪಕ್ಕೆಲುಬಿಗೂ ಹಬ್ಬುವುದು. 1950ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟದ ವೈದ್ಯರು ಮಾರಕವೆಂದೇ ವರ್ಣಿಸಿದ ಈ ವ್ಯಾಧಿಯನ್ನು ಇಂದು ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ಡಿಸೀಸ್ ಎನ್ನುತ್ತಾರೆ.

ಲೋಪಗಳು ಬೇರೆಯೂ ಉಂಟು. ಸಾಮಾನ್ಯವಾಗಿ ಚರ್ಮದ ಮೇಲಷ್ಟೇ ನಿಲ್ಲುವ ಗಜಕರ್ಣದ ಶಿಲೀಂಧ್ರವು ಉತ್ತರ ಆಫ್ರಿಕದ ಕೆಲವು ಕುಟುಂಬಗಳಲ್ಲಿ ಒಳಾಂಗಗಳಿಗಿಳಿದುದಕ್ಕೆ ಕಾರ್ಡ್-9 ಎಂಬ ಜೀನಿನ ದೋಷವೇ ಕಾರಣವೆಂದು 2013ರಲ್ಲಿ ತಿಳಿದುಬಂದಿತು. ನಮ್ಮಲ್ಲಿ ಮನೆಮನೆಗೂ ಹಬ್ಬಿರುವ ಗಜಕರ್ಣವು ಇದಲ್ಲ. ಅದಕ್ಕಾಗಿ ಯಾರೂ ಅಂಜಬೇಕಾಗಿಲ್ಲ.

ಆದರೆ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಈ ಗಡಿನಾಡಿನ ವೈದ್ಯರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಕಲಬುರಗಿ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದುವು. ಮದುವೆಯ ಸಂಬಂಧಗಳಾದರೋ ಗಡಿಯನ್ನು ದಾಟಿಯೇ ಉಳಿದುವು. ಮೇಲೆ ಹೇಳಿದ ಕಿಣ್ವದೋಷದ ಒಂದು ಬಗೆಯು ಆರೋಗ್ಯವಂತಳಾದ ತಾಯಿಯಿಂದ ಗಂಡುಮಕ್ಕಳಿಗೆ ಇಳಿಯುವುದಾದುದರಿಂದ, ಎಳೆತನದಲ್ಲೇ ತೀರಿಕೊಂಡ ಸೋದರಮಾವನೊಬ್ಬನ ಕಥೆಯೇ ರೋಗನಿದಾನಕ್ಕೆ ಮೊದಲ ಸುಳಿವಾಗಬಹುದು. ಆ ಕಥೆಯಾದರೋ ತವರೂರಿನಲ್ಲಿ, ಹಲವು ವೇಳೆ ಮತ್ತೊಂದು ರಾಜ್ಯದಲ್ಲಿ, ಯಾವ ಆಸ್ಪತ್ರೆಯ ಕಾಗದಕ್ಕೂ ಏರದೆ ಉಳಿದಿರುತ್ತದೆ. ಇನ್ನುಳಿದ ಬಗೆಗಳು ತಂದೆತಾಯಿಯರಿಬ್ಬರಿಂದಲೂ ಬರತಕ್ಕವು. ರಕ್ತಸಂಬಂಧದ ವಿವಾಹದಲ್ಲಿ ಅವುಗಳ ಸಂಭವ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿದ ಸಂಶೋಧಕರಿಗೆ ಮೂರರಲ್ಲೊಂದು ಪಾಲಿನಷ್ಟು ದಂಪತಿಗಳು ಬಂಧುಗಳೆಂದು ಕಂಡುಬಂದಿತು. ಅಕ್ಕನ ಮಗಳನ್ನು ತಂದುಕೊಂಡ ಮನೆಗಳನ್ನು ನಾನು ನಿಂದಿಸಲಾರೆ. ಬೇರೊಂದು ರಕ್ಷಾಲೋಪದ ಕುರುಹೂ ಆಗಿರಬಹುದಾದ ಶಿಲೀಂಧ್ರದ ಬಿಳಿಯ ಪೊರೆ ಮಗುವಿನ ಬಾಯೊಳಗೆ ಮರಳಿ ಮರಳಿ ಕಟ್ಟಿದಾಗ ಬಾಣಂತಿಯ ಮಡಿಮೈಲಿಗೆಯನ್ನು ಹಳಿಯುವ ನಮ್ಮ ರೂಢಿಯನ್ನು ಮಾತ್ರ ಮನಸಾರೆ ಖಂಡಿಸುತ್ತೇನೆ. ಆಕೆಯ ದೋಷವೇನೂ ಇಲ್ಲ.

ಕೊಂಚ ರಕ್ತದಲ್ಲಿ ನ್ಯೂಟ್ರೊಫಿಲ್‌ಗಳ ಶಕ್ತಿಯನ್ನಳೆಯುವ ಡಿಎಚ್‌ಆರ್ ಪರೀಕ್ಷೆಯಿಂದ ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ಡಿಸೀಸ್ ಪತ್ತೆಯಾಗುವುದು. ಇಟ್ರಾಕೊನಜೋಲ್ ಮಾತ್ರೆಯು ಶಿಲೀಂಧ್ರವನ್ನು ದೂರವಿಡಲು ನೆರವಾಗುವುದೆಂದು 2003ರಲ್ಲಿ ಸಿದ್ಧಪಟ್ಟಿತು. ಅಸ್ಥಿಮಜ್ಜೆಯ ಕಸಿಯಿಂದ ಪೂರ್ಣ ಗುಣವೂ ಸಾಧ್ಯ. ಭಾರತ ಸರ್ಕಾರದ 2021ರ ವಿರಳರೋಗ ನೀತಿಯ ಮೊದಲ ವರ್ಗದಲ್ಲಿಯೇ ಈ ರೋಗದ ಹೆಸರಿದೆ. ಆ ನೀತಿಯ ಕೇಂದ್ರಗಳಲ್ಲೊಂದು ಹೈದರಾಬಾದಿನ ನಿಮ್ಸ್ ಆಸ್ಪತ್ರೆ. ಈ ರೋಗವಿರುವ ಮಗುವನ್ನು ಹಳೆಯ ಹುಲ್ಲಿನ ಬಣವೆಯಿಂದಲೂ ಗೊಬ್ಬರದ ಗುಂಡಿಯಿಂದಲೂ ದೂರವಿಡಬೇಕು. ಕ್ಷಯಕ್ಕೆ ಹಾಕುವ ಬಿಸಿಜಿ ಲಸಿಕೆಯಲ್ಲಿರುವುದು ಜೀವಂತ ಸೂಕ್ಷ್ಮಾಣುವಾದುದರಿಂದ, ಒಂದು ಕೂಸಿಗೆ ಈ ಲೋಪವಿದ್ದ ಮನೆಯಲ್ಲಿ ಮುಂದಿನ ಕೂಸು ಹುಟ್ಟಿದ ಕೂಡಲೇ ವೈದ್ಯರಿಗೆ ಆ ಸಂಗತಿಯನ್ನು ತಿಳಿಸಿ, ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೆ ಆ ಒಂದು ಲಸಿಕೆಯನ್ನು ತಡೆಹಿಡಿಯುವಂತೆ ಕೇಳಿಕೊಳ್ಳಬೇಕು.