ರಾಜ್ಯದ ಬೊಕ್ಕಸದ ನಾಡಿ

ವಿಧಾನಸಭೆಯಲ್ಲಿ ಆಯವ್ಯಯ ಪತ್ರ ಮಂಡನೆಯಾದ ಮರುದಿನ, ಯಾವುದು ಅಗ್ಗ, ಯಾವುದು ತುಟ್ಟಿ ಎಂದು ವಿಚಾರಿಸುವುದು ನಮಗೆ ರೂಢಿಯಾಗಿದೆ. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಬಹುಪಾಲು ವಸ್ತುಗಳ ತೆರಿಗೆ ರಾಜ್ಯದ ಕೈಯಲ್ಲಿ ಉಳಿದಿಲ್ಲ. ಮದ್ಯದಂತಹ ಕೆಲವನ್ನು ಬಿಟ್ಟರೆ ಆ ವಿಚಾರಣೆಗೆ ಈಗ ಅರ್ಥವೂ ಇಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಸರ್ಕಾರ ಸಾಲ ಮಾಡುತ್ತಿರುವುದು ಯಾತಕ್ಕಾಗಿ?

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಸರ್ಕಾರಕ್ಕೆ ಬುದ್ಧಿ ಹೇಳುವವರು ಬಹಳ. ನಾನು ಅದನ್ನು ಪೂರ್ತಿ ಒಪ್ಪಲಾರೆ. ಅಣೆಕಟ್ಟೆಯ ಫಲವನ್ನು ಮೊಮ್ಮಕ್ಕಳೂ ಉಣ್ಣುವರಾದರೆ, ಅದರ ಸಾಲದಲ್ಲಿ ಒಂದಷ್ಟನ್ನು ಅವರು ತೀರಿಸುವುದು ಅನ್ಯಾಯವಲ್ಲ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಿಗೆ ಸಾಲ ಎತ್ತುವುದು ಮಾತ್ರ ಬೇರೆಯ ಮಾತು. ದಿನನಿತ್ಯದ ಇಂತಹ ವೆಚ್ಚ ವರಮಾನವನ್ನು ಮೀರಿದಾಗ ಉಂಟಾಗುವುದೇ ರಾಜಸ್ವ ಕೊರತೆ.

ಹಣಕಾಸಿನ ಹೊಣೆಗಾರಿಕೆಗೆಂದೇ ಕಾಯಿದೆಯೊಂದನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯ ಕರ್ನಾಟಕ, ಅದು 2002ರಲ್ಲಿ. ರಾಜಸ್ವ ಕೊರತೆ ಇರಕೂಡದು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇಕಡ 3ನ್ನು ಮೀರಕೂಡದು ಎಂದು ಅದು ಗೆರೆ ಎಳೆಯಿತು. ಒಟ್ಟು ಹೊಣೆಗೆ ಶೇಕಡ 25ರ ಮಿತಿಯೂ ಬಂತು. 2004-05ರಿಂದ ಹಲವು ವರ್ಷ ರಾಜಸ್ವದಲ್ಲಿ ಮಿಗುತೆಯೇ ಇತ್ತು. 2020ರ ಸಾಂಕ್ರಾಮಿಕ ಆ ಹದವನ್ನು ಕೆಡಿಸಿತು.

2025-26ರ ಆಯವ್ಯಯದ ಅಂದಾಜನ್ನು ನೋಡೋಣ. ವಿತ್ತೀಯ ಕೊರತೆ 90,428 ಕೋಟಿ ರೂಪಾಯಿ, ಅಂದರೆ ಶೇಕಡ 2.95, ಒಟ್ಟು ಹೊಣೆ ಶೇಕಡ 24.91. ಎರಡೂ ಗೆರೆಯ ಒಳಗೇ ಇವೆ, ಕೂದಲೆಳೆಯ ಅಂತರದಲ್ಲಿ! ಆದರೆ ರಾಜಸ್ವ ಕೊರತೆ 19,262 ಕೋಟಿ. ಕೊರತೆ ತುಂಬಲು ಎತ್ತುವ ನೂರು ರೂಪಾಯಿಯಲ್ಲಿ 21 ರೂಪಾಯಿ ನಿತ್ಯದ ಖರ್ಚಿಗೇ ಹೋಯಿತೆಂದಾಯಿತು.

ಅದೇ ವರ್ಷ ಐದು ಗ್ಯಾರಂಟಿ ಯೋಜನೆಗಳಿಗೆ ಇಟ್ಟ ಹಣ ಸುಮಾರು 51,000 ಕೋಟಿ. ಮನೆಯೊಡತಿಯ ಕೈಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಸೇರುವುದನ್ನು ಪೋಲು ಎನ್ನಲು ನನಗೆ ಮನಸ್ಸಿಲ್ಲ. ಅದು ತೆರಿಗೆಯಿಂದ ಬರಲಿ, ಸಾಲದಿಂದ ಬೇಡ ಎಂಬುದಷ್ಟೇ ನನ್ನ ವಾದ.

ರಾಜ್ಯದ ದೂರೂ ಸುಳ್ಳಲ್ಲ. ಹಂಚಿಕೆಯಾಗುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು 14ನೆಯ ಹಣಕಾಸು ಆಯೋಗ ಶೇಕಡ 4.713 ಎಂದಿತ್ತು, 15ನೆಯ ಆಯೋಗ ಅದನ್ನು 3.647ಕ್ಕೆ ಇಳಿಸಿತು. ಸೆಸ್ಸು, ಸರ್‌ಚಾರ್ಜುಗಳಂತೂ ಹಂಚಿಕೆಗೆ ಬರುವುದೇ ಇಲ್ಲ.

ಇನ್ನೊಂದು ಸಾಲವಿದೆ: ನಿಗಮಗಳು ಸರ್ಕಾರದ ಖಾತರಿಯ ಮೇಲೆ ಎತ್ತುವಂಥದು. ಕಾಗದದಲ್ಲಿ ಅದು ನಿಗಮದ್ದು. ರಾಜ್ಯದ ಬೊಕ್ಕಸದಿಂದಲೇ ತೀರಬೇಕಾದ ಇಂತಹ ಸಾಲವನ್ನು 2022ರಿಂದ ಕೇಂದ್ರವು ರಾಜ್ಯದ ಸಾಲದೊಂದಿಗೇ ಎಣಿಸತೊಡಗಿತು. ಕುತೂಹಲವುಳ್ಳವರು ಆಯವ್ಯಯ ದಾಖಲೆಗಳಲ್ಲಿ ಭಾಷಣವನ್ನು ಬದಿಗಿಟ್ಟು, ಖಾತರಿಗಳ ಪಟ್ಟಿಯನ್ನು ಮೊದಲು ಓದಬಹುದು.