ಬೆಳ್ಳಿತೆರೆಯ ಹಿಂದಿನ ವಿಜ್ಞಾನ ಪಾಠ



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವುದರಿಂದ ಕಂಪ್ಯೂಟರ್ ವಿಷಯವನ್ನೇ ಮಾತಾಡುತ್ತೇನೆಂದು ನೀವು ಅಂದುಕೊಂಡಿರಬಹುದು. ಇವತ್ತು ಸಿನಿಮಾದಿಂದ ಶುರು ಮಾಡುತ್ತೇನೆ. ಅಂತರಿಕ್ಷ ನೌಕೆ, ಡೈನೋಸಾರ್ ಇರುವ ಚಿತ್ರ ನೋಡಿದರೆ ‘ಎಲ್ಲಾ ಗ್ರಾಫಿಕ್ಸು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಹಳೆಯ ಹೆಸರಾಂತ ಚಿತ್ರಗಳಲ್ಲಿ ಹೆಚ್ಚಾಗಿ ಕೆಲಸ ಮಾಡಿದ್ದು ನಿಮ್ಮ ವಿಜ್ಞಾನ ಪುಸ್ತಕದಲ್ಲಿರುವ ಪಾಠಗಳೇ.

ಬೆಳಕಿನ ಪಾಠ ತೆಗೆದುಕೊಳ್ಳಿ. 1927ರಲ್ಲಿ ಜರ್ಮನಿಯಲ್ಲಿ ‘ಮೆಟ್ರೊಪೊಲಿಸ್’ ಎಂಬ ಮೂಕಿ ಚಿತ್ರ ಬಂತು. ಭವಿಷ್ಯದ ಮಹಾನಗರದ ಕಥೆ. ಅಷ್ಟು ದೊಡ್ಡ ಕಟ್ಟಡಗಳನ್ನು ಕಟ್ಟುವುದು ಆಗದ ಮಾತು. ಯೂಜೆನ್ ಶುಫ್ಟಾನ್ ಎಂಬವರು ಕ್ಯಾಮೆರಾ ಮುಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ನಿಲ್ಲಿಸಿದರು. ಪಕ್ಕದಲ್ಲಿಟ್ಟ ಕಟ್ಟಡದ ಪುಟ್ಟ ಮಾದರಿ ಅದರಲ್ಲಿ ಕಾಣುತ್ತಿತ್ತು. ನಟರು ಕಾಣಬೇಕಾದ ಜಾಗದಲ್ಲಿ ಮಾತ್ರ ಕನ್ನಡಿಯ ಲೇಪ ಕೆರೆದು ತೆಗೆದರು. ಆ ಬರಿಗಾಜಿನ ಮೂಲಕ ದೂರದಲ್ಲಿ ನಿಂತ ನಟರು ಕಂಡರು. ತೆರೆಯ ಮೇಲೆ ಎರಡೂ ಸೇರಿ ಮನುಷ್ಯರು ಇರುವೆಗಳಂತೆ ಓಡಾಡುವ ಮಹಾನಗರವಾಯಿತು.

ಇನ್ನು ಗುರುತ್ವ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಬಂದಾಗ ಮನುಷ್ಯ ಇನ್ನೂ ಚಂದ್ರನ ಮೇಲೆ ಇಳಿದಿರಲಿಲ್ಲ. ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಇಂಗ್ಲೆಂಡಿನಲ್ಲಿ 38 ಅಡಿ ವ್ಯಾಸದ, ಜಾತ್ರೆಯ ತೊಟ್ಟಿಲಿನಂತೆ ತಿರುಗುವ ಚಕ್ರವನ್ನು ಕಟ್ಟಿಸಿದರು. ಕ್ಯಾಮೆರಾವನ್ನು ಚಕ್ರಕ್ಕೇ ಬಿಗಿದು ತಿರುಗಿಸಿದಾಗ, ತಳದಲ್ಲೇ ನಡೆಯುತ್ತಿದ್ದ ನಟ ಗೋಡೆ ಹತ್ತಿ ನಡೆದಂತೆ ಕಂಡ. ಅದೇ ಚಿತ್ರದಲ್ಲಿ ಗಾಳಿಯಲ್ಲಿ ತೇಲುವ ಪೆನ್ನೊಂದಿದೆ. ದೊಡ್ಡ ಗಾಜಿಗೆ ಅಂಟುಪಟ್ಟಿಯಿಂದ ಪೆನ್ನು ಅಂಟಿಸಿ, ಗಾಜನ್ನು ಮೆಲ್ಲಗೆ ತಿರುಗಿಸಿದರು. ಅಷ್ಟೇ!

1977ರ ‘ಸ್ಟಾರ್ ವಾರ್ಸ್’ನಲ್ಲಿ ಸರ್ರನೆ ಹಾರುವ ನೌಕೆಗಳು ಪುಟ್ಟ ಮಾದರಿಗಳು. ಹೆಚ್ಚಿನ ದೃಶ್ಯಗಳಲ್ಲಿ ಓಡಿದ್ದು ನೌಕೆಯಲ್ಲ, ಕ್ಯಾಮೆರಾ. ಜಾನ್ ಡೈಕ್‌ಸ್ಟ್ರಾ ಅವರ ತಂಡ ಕ್ಯಾಮೆರಾದ ಚಲನೆಯನ್ನು ಎಲೆಕ್ಟ್ರಾನಿಕ್ಸ್ ಮೂಲಕ ನೆನಪಿಟ್ಟುಕೊಂಡು, ಎಷ್ಟು ಸಲ ಬೇಕಾದರೂ ಕೂದಲೆಳೆಯಷ್ಟೂ ತಪ್ಪದೆ ಅದೇ ದಾರಿಯಲ್ಲಿ ಓಡಿಸಿತು. ಬೇರೆ ಬೇರೆಯಾಗಿ ತೆಗೆದ ಚಿತ್ರಗಳು ಹೀಗೆ ಒಂದರ ಮೇಲೊಂದು ಸರಿಯಾಗಿ ಕೂತವು. ಶಬ್ದದ ಹೊಣೆ ಬೆನ್ ಬರ್ಟ್ ಅವರದು. ಅಲ್ಲಿನ ಬಂದೂಕಿನ ಸದ್ದು, ಗೋಪುರವೊಂದಕ್ಕೆ ಆಸರೆಯಾಗಿ ಬಿಗಿದಿದ್ದ ತಂತಿಗೆ ಸುತ್ತಿಗೆಯಿಂದ ಬಡಿದಾಗ ಬಂದದ್ದು.

ಆಮೇಲೆ ಕಂಪ್ಯೂಟರ್ ಬಂತು. 1993ರ ‘ಜುರಾಸಿಕ್ ಪಾರ್ಕ್’ ಎರಡು ಗಂಟೆಗೂ ಮೀರಿದ ಚಿತ್ರ. ಅದರಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಡೈನೋಸಾರ್‌ಗಳು ಕಾಣುವುದು ಸುಮಾರು 6 ನಿಮಿಷ ಮಾತ್ರ. ಡೈನೋಸಾರ್ ಹೆಜ್ಜೆಗೆ ಲೋಟದ ನೀರಿನಲ್ಲಿ ಅಲೆಯ ಉಂಗುರ ಏಳುತ್ತದಲ್ಲ, ಅದು ಕೂಡ ಗ್ರಾಫಿಕ್ಸ್ ಅಲ್ಲ. ಲೋಟವಿಟ್ಟ ಜಾಗದ ಕೆಳಗೆ ಗಿಟಾರ್ ತಂತಿ ಕಟ್ಟಿ ಮೀಟಿದ್ದರು.

ಈ ಚಿತ್ರದ ಒಂದು ಸಂಗತಿಯನ್ನು ಹೇಳಲೆಂದೇ ಈ ವಿಷಯ ಆರಿಸಿಕೊಂಡೆ. ಫಿಲ್ ಟಿಪ್ಪೆಟ್ ಎಂಬವರು ಬೊಂಬೆಗಳನ್ನು ಒಂದೊಂದು ಚೌಕಟ್ಟಿಗೂ ಚೂರುಚೂರೇ ಸರಿಸಿ ಜೀವ ಬರಿಸುವುದರಲ್ಲಿ ನಿಪುಣರು. ಡೈನೋಸಾರ್‌ಗಳನ್ನು ನಡೆಸುವ ಕೆಲಸಕ್ಕೆ ಅವರನ್ನೇ ಕರೆದಿದ್ದರು. ಅಷ್ಟರಲ್ಲಿ ಕಂಪ್ಯೂಟರ್ ತಂಡ ತನ್ನ ಮಾದರಿ ತೋರಿಸಿತು. ಅದನ್ನು ನೋಡಿದ ಟಿಪ್ಪೆಟ್, ಡೈನೋಸಾರಿನಂತೆ ತಾನೂ ಅಳಿದುಹೋದೆ ಎಂಬರ್ಥದ ಮಾತಾಡಿದರು. ಆದರೆ ಅವರನ್ನು ಮನೆಗೆ ಕಳಿಸಲಿಲ್ಲ. ಭಾರದ ಪ್ರಾಣಿ ಹೆಜ್ಜೆ ಊರುವಾಗ ಮೈ ಹೇಗೆ ತೂಗುತ್ತದೆ, ಬೇಟೆಗೆ ಮುಂಚೆ ಕತ್ತು ಎತ್ತ ತಿರುಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕೀಲುಗಳಲ್ಲಿ ಸಂವೇದಕಗಳಿರುವ ಲೋಹದ ಅಸ್ಥಿಪಂಜರ ಮಾಡಿದರು. ಬೊಂಬೆ ಕಲಾವಿದರು ಅದನ್ನು ಕೈಯಿಂದ ಸರಿಸಿದರೆ, ಆ ಚಲನೆ ನೇರವಾಗಿ ಕಂಪ್ಯೂಟರಿಗೆ ಹೋಗುತ್ತಿತ್ತು. ಆ ಚಿತ್ರದ ವಿಶೇಷ ಪರಿಣಾಮಗಳಿಗೆ ಆಸ್ಕರ್ ಪಡೆದ ನಾಲ್ವರಲ್ಲಿ ಟಿಪ್ಪೆಟ್ ಒಬ್ಬರು.

ಊರಿಗೆ ಬಂದಾಗಲೆಲ್ಲ ತಂದೆತಾಯಂದಿರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಎ.ಐ. ಬಂತಲ್ಲಪ್ಪ, ನಮ್ಮ ಮಕ್ಕಳು ಏನು ಓದಬೇಕು? ಕೆಲಸ ಸಿಗುತ್ತಾ?” ಆ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ನನ್ನ ವೃತ್ತಿಯಲ್ಲೂ ಅದು ಇದೆ. ಉಪಕರಣವನ್ನು ಮಾತ್ರ ಕಲಿತವನ ಕೆಲಸ, ಉಪಕರಣ ಹಳತಾದ ದಿನ ಹೋಗಬಹುದು. ವಸ್ತು ಹೇಗೆ ಚಲಿಸುತ್ತದೆ, ಬೆಳಕು ಎಲ್ಲಿ ತಿರುಗುತ್ತದೆ ಎಂದು ಕಣ್ಣಾರೆ ನೋಡಿ, ಕೈಯಾರೆ ಮಾಡಿ ಕಲಿತವನನ್ನು ಹೊಸ ಯಂತ್ರವೂ ಹುಡುಕಿಕೊಂಡು ಬರುತ್ತದೆ.

ಅದಕ್ಕೇ ಗುರುಗಳಲ್ಲಿ ಒಂದು ವಿನಂತಿ. ಒಡೆದೀತೆಂಬ ಅಂಜಿಕೆಯಿಂದ ಪ್ರಯೋಗಾಲಯದ ಬೀರುವಿಗೆ ಬೀಗ ಹಾಕಬೇಡಿ. ಕನ್ನಡಿ, ಮಸೂರ, ಶ್ರುತಿಕವೆ ಎಲ್ಲವೂ ಮಕ್ಕಳ ಕೈಗೆ ಸಿಗಲಿ. ಒಡೆದರೆ ಒಡೆಯಲಿ. ಹೊಸದನ್ನು ತಂದುಕೊಡಲು ನಾವು ಹಳೆಯ ವಿದ್ಯಾರ್ಥಿಗಳಿದ್ದೇವೆ.